ಈ ಸಲ ಬ್ಯಾರೆ ಕಂಪನಿ ಜಹಾಜ

ಜಹಾಜಿನ ಕೋಣೆಯಲ್ಲಿ ಪಡದೆ ಇತ್ತು. ನೆಲ ಮುಟ್ಟುವಂತೆ ಇಳಿಬಿಟ್ಟ ದಪ್ಪ ಬಟ್ಟೆಯ ನೀಲಿ ಪಡದೆ. ನನ್ನ ಯಜಮಾನರು ಕೈಯಲ್ಲಿದ್ದ ಚೀಲವನ್ನೂ ಕೆಳಗಿಡದೆ, ಮೊದಲು ಸಮುದ್ರ ನೋಡೋಣ ಎಂದು ಅದನ್ನು ಸರಕ್ಕನೆ ಸರಿಸಿದರು. ಹಿಂದೆ ಗೋಡೆ ಇತ್ತು.

ಸೊಲ್ಲಾಪುರದಲ್ಲಿ ಚಾದರ, ಟಾವೆಲ್ಲಿನ ವ್ಯಾಪಾರ ಮಾಡುತ್ತಲೇ ತಲೆ ಬೆಳ್ಳಗಾದ ಮನುಷ್ಯ ಅವರು. ಗಂಟಿನ ಮೇಲೆ ಒಂದು ಒಳ್ಳೆಯ ಚಾದರ ಇಟ್ಟು ಒಳಗೆ ಹಗುರ ಮಾಲು ತುಂಬುವವರು ಪೇಟೆಯಲ್ಲಿ ಯಾರ್ಯಾರಿದ್ದಾರೆ ಎಂದು ಚೆನ್ನಾಗಿ ಬಲ್ಲವರು. ಅಂಥವರಿಗೇ ಯಾರೋ ಗೋಡೆಗೆ ಪಡದೆ ಕಟ್ಟಿ ಕಿಟಕಿ ಎಂದು ಮಾರಿಬಿಟ್ಟಿದ್ದರು. ಮುಂಬಯಿ ಬಂದರು ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಏಜಂಟನಿಗೆ ಫೋನು ಹೋಯಿತು. ಕಿಟಕಿ ಇದೆ ಎಂದು ತಾನು ಯಾವತ್ತೂ ಹೇಳಿಲ್ಲ, ಒಳಗಿನ ಕೋಣೆ ಎಂದು ಸ್ಪಷ್ಟವಾಗಿ ಹೇಳಿದ್ದೆ ಎಂದು ಅವನು ವಾದಿಸಿದ. ಅದು ನಿಜವೇ. ಒಳಗಿನ ಕೋಣೆ ಎಂದರೆ ಜಹಾಜಿನ ಒಳಗಿನದು ಎಂದು ಇವರು ತಿಳಿದಿದ್ದರು. ಹೊರಗೆ ಯಾರು ಮಲಗುತ್ತಾರೆ?

ಆ ಪ್ರವಾಸದುದ್ದಕ್ಕೂ ಯಜಮಾನರು ಕೆಳಗಿನ ಕೌಂಟರಿನ ಮುಂದೆ ಜಗಳವಾಡುತ್ತ ನಿಂತದ್ದೇ ಹೆಚ್ಚು. ಗೋವಾ ಬಂದಾಗಲೂ ಅಲ್ಲೇ ಇದ್ದರು. ನಡುನಡುವೆ ಕೋಣೆಗೆ ಬಂದಾಗ, ಹಾಸಿಗೆಯ ಮೇಲೆ ಹಂಸದ ಆಕಾರದಲ್ಲಿ ಮಡಚಿಟ್ಟ ಟಾವೆಲ್ಲಿನ ಕುತ್ತಿಗೆ ಬಿಚ್ಚಿ, ಅಂಚಿನ ಹೊಲಿಗೆ ಎಳೆದು ನೋಡಿ, ಇದೂ ಹಗುರ ಮಾಲೇ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದರು.

ನಮ್ಮ ಜೊತೆ ಅತ್ತೆಯೂ ಬಂದಿದ್ದರು. ಅವರ ತವರು ಅಕ್ಕಲಕೋಟ ತಾಲೂಕಿನ ತಡವಳ. ಎರೆ ಹೊಲ, ಜೋಳ, ತೊಗರಿ ಬಿಟ್ಟರೆ ಅವರು ಕಂಡ ದೊಡ್ಡ ನೀರು ಎಂದರೆ ಪಂಢರಪುರದ ಹೊಳೆ. ನಮ್ಮ ಮನೆಯಲ್ಲಿ ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಕೂತರೂ ಕೈಯಲ್ಲಿ ಮೊರ ಇರುತ್ತದೆ. ಬಾಗಿಲಲ್ಲಿ ಯಾರದಾದರೂ ನೆರಳು ಬಿದ್ದರೆ ಸಾಕು, ಮೊಣಕಾಲಿಗೆ ಕೈಯೂರಿ ಎದ್ದುಬಿಡುತ್ತಾರೆ. ಬಂದವರು ಗಿರಾಕಿಯೋ, ನೆಂಟರೋ, ಸಿಲಿಂಡರಿನವನೋ ಎಂಬ ಭೇದವಿಲ್ಲ. ನಾನು ಮನೆ ತುಂಬಿದ ಹೊಸದರಲ್ಲಿ, ಅವರನ್ನು ಕೂಡಿಸಿ ನಾನು ಕೆಲಸ ಮಾಡಬೇಕೆಂದು ಬಹಳ ಹೋರಾಡಿ ನೋಡಿದೆ. ಆಮೇಲೆ ಬಿಟ್ಟುಕೊಟ್ಟೆ.

ಜಹಾಜಿನಲ್ಲಿ ಮಾತ್ರ ಅವರು ಮೇಲಿನ ಅಂಗಳದಂಥ ಜಾಗದಲ್ಲಿ ಒಂದು ಉದ್ದನೆಯ ಕುರ್ಚಿ ಹಿಡಿದು ಕೂತರು. ಬೆಳಿಗ್ಗೆ ಕೂತರೆ ಊಟಕ್ಕೆ ಕರೆದಾಗಲೇ ಏಳುವುದು. ಪಕ್ಕದ ಕುರ್ಚಿಯಲ್ಲಿ ಇಳಕಲ್ ಸೀರೆಯ ಇನ್ನೊಬ್ಬ ಅಜ್ಜಿ ಇದ್ದಳು. ಇಬ್ಬರೂ ಸೆರಗು ತಲೆಯ ಮೇಲೆ ಹೊದ್ದು, ಹೊಲದ ಬದುವಿನ ಮೇಲೆ ಕೂತವರ ಹಾಗೆ ನೀರಿನ ಕಡೆ ಮುಖ ಮಾಡಿಕೊಂಡಿದ್ದರು. ಮುದುಕಿಗೆ ಹೊತ್ತು ಹೋಗುತ್ತಿದೆಯಲ್ಲ ಎಂದು ನಾನೂ ಸುಮ್ಮನಾದೆ. ಆ ಜಹಾಜಿನ ಖುಷಿಯನ್ನು ಪೂರಾ ಅನುಭವಿಸಿದವರು ನಮ್ಮ ಮನೆಯಲ್ಲಿ ಅವರೊಬ್ಬರೇ. ಅದನ್ನು ಯಾರೂ ಅವರಿಗೆ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಯಜಮಾನರು ತೀರ್ಪು ಕೊಟ್ಟರು. ಸಮುದ್ರದ ತಪ್ಪಿಲ್ಲ, ಕಂಪನಿಯ ತಪ್ಪು. ಮುಂದಿನ ವರ್ಷ ಬ್ಯಾರೆ ಕಂಪನಿ. ಅಲ್ಲಿಂದ ನಮ್ಮ ಮನೆಯಲ್ಲಿ ಜಹಾಜಿನ ಕಂಪನಿ ಹುಡುಕುವ ಕೆಲಸ ಶುರುವಾಯಿತು. ಮಗಳಿಗೆ ವರ ಹುಡುಕುವಾಗಲೂ ಅವರು ಇಷ್ಟು ವಿಚಾರಣೆ ಮಾಡಿರಲಿಲ್ಲ. ಅಂಗಡಿಗೆ ಬಂದವರೆಲ್ಲ ಸಲಹೆ ಕೊಟ್ಟರು. ಸಮುದ್ರ ನೋಡದೇ ಇದ್ದವರು ಹೆಚ್ಚು ಗಟ್ಟಿಯಾಗಿ ಕೊಟ್ಟರು. ವಳಸಂಗದಲ್ಲಿರುವ ನನ್ನ ಅಣ್ಣ ದಿನಾ ಸೊಲ್ಲಾಪುರಕ್ಕೆ ಎಸ್.ಟಿ. ಬಸ್ಸಿನಲ್ಲಿ ಬರುವವನು. ಬಸ್ಸಿನಲ್ಲಿ ಕಿಟಕಿ ಸೀಟು ಸಿಗದಿದ್ದರೆ ನಾವು ಎಸ್.ಟಿ. ಬಿಡುತ್ತೇವೇನು ಎಂದು ಕೇಳಿದ. ಯಜಮಾನರು ಅವನಿಗೆ ಚಹಾ ಕೊಟ್ಟು ಕಳಿಸಿದರು.

ಕೊನೆಗೆ ಒಂದು ಕಂಪನಿ ಗೊತ್ತಾಯಿತು. ಅದರ ಏಜಂಟನಿಗೆ ಇವರು ಒಂದೇ ಪ್ರಶ್ನೆಯನ್ನು ಮೂರು ಭಾಷೆಯಲ್ಲಿ ಕೇಳಿದ್ದರು: ಪಡದೆ ಸರಿಸಿದರೆ ಏನು ಕಾಣುತ್ತದೆ? ಗಾಜು ಎಂದು ಅವನು ಮೂರೂ ಭಾಷೆಯಲ್ಲಿ ಹೇಳಿದ. ಮುಂಗಡ ಕೊಟ್ಟ ವಾರವೇ ನಾವು ಮೂವರೂ ಕಾರಿನಲ್ಲಿ ಅಕ್ಕಲಕೋಟಕ್ಕೆ ಹೊರಟೆವು. ಹೊಸ ವ್ಯವಹಾರ ಯಾವುದೇ ಇರಲಿ, ಅಲ್ಲಿಯ ಸ್ವಾಮಿಗಳ ಗುಡಿಗೆ ಹೋಗಿ ಕೈಮುಗಿದು ಬರುವುದು ನಮ್ಮ ಮನೆಯ ರೂಢಿ.

ದಾರಿಯಲ್ಲಿ ಹಿಂದಿನ ಸೀಟಿನಿಂದ ಅತ್ತೆ ಕೇಳಿದರು, ಹಳೆಯ ಜಹಾಜಿಗೇ ಹೋಗಲು ಬರುವುದಿಲ್ಲವೇ ಎಂದು. ಯಜಮಾನರು ಅಕ್ಕಲಕೋಟ ಬರುವ ತನಕ ಆ ಕಂಪನಿ ಹೇಗೆ ಮೋಸ ಮಾಡಿತು ಎಂಬುದನ್ನು ಮೊದಲಿನಿಂದ ವಿವರಿಸಿದರು.

ಯಜಮಾನರು ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದಾಗ ನಾವಿಬ್ಬರು ಗುಡಿಯ ಹೊರಗೆ ಒಂದು ಕಟ್ಟೆಯ ಮೇಲೆ ಕೂತೆವು. ಗುರುವಾರದ ಗದ್ದಲ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು:

“ನಾ ಒಬ್ಬಾಕಿಗೆ ಮಾತ ಕೊಟ್ಟೀನಿ.”

ಯಾರಿಗೆ ಎಂದು ಕೇಳಿದೆ.

“ಮಂಗಳವೇಢೆದಾಕಿ. ಜಹಾಜಿನಾಗ ಬಾಜೂಕ ಕೂಡತಿದ್ಳಲ್ಲ. ಬರೂ ವರ್ಷ ದೀಪಾವಳಿ ಆದಮ್ಯಾಲ ಇಲ್ಲೇ ಕೂಡೂಣು ಅಂತ ಮಾತಾಗೇದ.”

ನನಗೆ ನಗು ಬಂತು. ಮಂಗಳವೇಢೆಗೆ ನಮ್ಮ ಸ್ಟ್ಯಾಂಡಿನಿಂದ ಎಷ್ಟು ಬಸ್ಸು ಬೇಕಾದರೂ ಇವೆ. ಎರಡು ಮುದುಕಿಯರು ಭೇಟಿಯಾಗಲು ಮುಂಬಯಿಗೆ ಹೋಗಿ, ಅಲ್ಲಿಂದ ಸಮುದ್ರಕ್ಕೆ ಇಳಿಯಬೇಕೇ? ನಾಳೆಯೇ ಹೋಗಿ ಬರೋಣ ಎಂದೆ.

“ಅಲ್ಲಿಗೆ ಹ್ವಾದ್ರ ಅಕಿ ಎದ್ದು ಚಾ ಇಡತಾಳ. ನಮ್ಮನಿಗೆ ಬಂದ್ರ ನಾ ಏಳ್ತೀನಿ,” ಎಂದರು ಅತ್ತೆ. “ಜಹಾಜಿನಾಗ ಇಬ್ರೂ ಕೂತಿದ್ವಿ.”

ನನ್ನ ನಗು ಅಲ್ಲಿಗೇ ನಿಂತಿತು. ಇಷ್ಟು ವರ್ಷ ಅವರು ಏಳುವುದು ಅವರ ಸ್ವಭಾವ ಎಂದು ತಿಳಿದಿದ್ದೆ. ಕೂಡುವುದಕ್ಕೂ ಆಸೆ ಇರಬಹುದು ಎಂದು ಹೊಳೆದಿರಲಿಲ್ಲ. ಅವಳ ಹೆಸರೇನು ಎಂದು ಕೇಳಿದೆ. ಹೆಸರು ಗೊತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಯವ್ವಾ ಎಂದೇ ಕರೆದಿದ್ದರಂತೆ. ಮಗನದು ಮಾರ್ಕೆಟ್ ಯಾರ್ಡಿನಲ್ಲಿ ಜೋಳದ ಅಡತಿ, ಎಂದರೆ ದಲಾಲಿ ಅಂಗಡಿ ಇದೆ ಎಂಬುದಷ್ಟೇ ತಿಳಿದಿತ್ತು.

ಯಜಮಾನರಿಗೆ ಇದನ್ನು ಹೇಳಬಾರದು ಎಂದು ಆಗಲೇ ನಿರ್ಧರಿಸಿದೆ. ಅವರು ಕೆಟ್ಟವರಲ್ಲ. ಹೇಳಿದರೆ ಅವತ್ತೇ ಕಾರು ತೆಗೆದುಕೊಂಡು ಹೋಗಿ, ಆ ಅಜ್ಜಿಯನ್ನು ಮನೆಗೆ ಕರೆತಂದು, ಇಬ್ಬರಿಗೂ ಹೊಸ ಚಾದರ ಹೊದಿಸಿ, ಫೋಟೋ ತೆಗೆಸಿ, ಕೆಲಸ ಮುಗಿಯಿತು ಎಂದು ಅಂಗಡಿಗೆ ಹೋಗಿಬಿಡುತ್ತಿದ್ದರು.

ಹುಡುಕುವುದು ಕಷ್ಟವಾಗಲಿಲ್ಲ. ಮಂಗಳವೇಢೆಯ ಯಾರ್ಡಿನಲ್ಲಿ ಪರಿಚಯದ ಒಬ್ಬರಿಗೆ ಫೋನು ಮಾಡಿ, ತಾಯಿಯನ್ನು ಜಹಾಜಿಗೆ ಕರೆದುಕೊಂಡು ಹೋಗಿದ್ದ ಅಡತಿಯವರು ಯಾರು ಎಂದು ಕೇಳಿದೆ. ಖಿಡಕಿ ಇಲ್ಲದ ಜಹಾಜಿನವರಾ ಎಂದು ಅವರು ಕೇಳಿದರು. ಆ ಮನುಷ್ಯ ಯಾರ್ಡಿಗೆಲ್ಲ ಪಡದೆಯ ಕಥೆ ಹೇಳಿ ಮುಗಿಸಿದ್ದ.

ಅವರ ಮನೆಯ ಸೊಸೆ ಫೋನಿಗೆ ಸಿಕ್ಕಳು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ನಮ್ಮ ಮಾತು ನಡೆಯಿತು. ಅವಳ ಅತ್ತೆಯೂ ಹಳೆಯ ಜಹಾಜೇ ಬೇಕೆಂದು ಹಟ ಹಿಡಿದು, ಕಾರಣ ಹೇಳದೆ ಕೂತಿದ್ದಳಂತೆ. ಗಂಡ ಮಾತ್ರ ಆ ಕಂಪನಿಯ ಜಹಾಜು ಮತ್ತೆ ಹತ್ತುವುದಿಲ್ಲ ಎಂದು ಆಣೆ ಹಾಕಿ, ಬೇರೊಂದಕ್ಕೆ ಮುಂಗಡ ಕೊಟ್ಟಾಗಿತ್ತು. ನಮ್ಮದಕ್ಕಲ್ಲ, ಇನ್ನೊಂದಕ್ಕೆ.

ನಾವಿಬ್ಬರು ಸೊಸೆಯರು ಒಂದು ಉಪಾಯ ಮಾಡಿದೆವು. ಊಟಕ್ಕೆ ಬಡಿಸುವಾಗ, ಮಂಗಳವೇಢೆಯ ಅಡತಿಯವರೊಬ್ಬರು ಜಹಾಜಿನ ಕಂಪನಿಗಳ ಬಗ್ಗೆ ಬಹಳ ತಿಳಿದವರಂತೆ ಎಂದು ನಾನು ಗಾಳಿಗೆ ಬಿಟ್ಟೆ. ಜೋಳ ಅಳೆಯುವವರಿಗೆ ಜಹಾಜಿನ ಸುದ್ದಿ ಏನು ತಿಳಿಯುತ್ತದೆ ಎಂದು ಯಜಮಾನರು ರೊಟ್ಟಿ ಮುರಿದರು. ಊಟ ಮುಗಿಯುವುದರೊಳಗೆ ನಂಬರು ಕೇಳಿದರು. ಅತ್ತ ಮಂಗಳವೇಢೆಯಲ್ಲಿ ಅವಳೂ ಸೊಲ್ಲಾಪುರದ ಚಾದರ ವ್ಯಾಪಾರಿಯ ಬಗ್ಗೆ ಹೀಗೇ ಗಾಳಿಗೆ ಬಿಟ್ಟಿದ್ದಳು.

ಇಬ್ಬರು ಗಂಡಸರೂ ಫೋನಿನಲ್ಲಿ ಮಾತಾಡಿದ್ದನ್ನು ನಾನು ಬಾಗಿಲಾಚೆಯಿಂದ ಕೇಳಿದೆ. ಒಂದೇ ಗೋಡೆಯಿಂದ ಪೆಟ್ಟು ತಿಂದವರು. ಕಳೆದುಹೋದ ಅಣ್ಣತಮ್ಮಂದಿರು ಸಿಕ್ಕ ಹಾಗಿತ್ತು. ಇಬ್ಬರೂ ತಾವು ಆರಿಸಿದ ಕಂಪನಿಯ ಗುಣಗಾನ ಮಾಡಿದರು. ಇಬ್ಬರೂ ಹುಟ್ಟು ವ್ಯಾಪಾರಿಗಳು. ಎಷ್ಟು ಚೆನ್ನಾಗಿ ಹೇಳಿದರೆಂದರೆ, ಮರುದಿನ ನಮ್ಮವರು ತಮ್ಮ ಬುಕಿಂಗ್ ಬಿಟ್ಟು ಅವರ ಕಂಪನಿಗೆ ಹೋದರು. ಅವರು ತಮ್ಮದನ್ನು ಬಿಟ್ಟು ನಮ್ಮ ಕಂಪನಿಗೆ ಬಂದರು. ಮಂಗಳವೇಢೆಯ ಸೊಸೆ ನನಗೆ ಫೋನು ಮಾಡಿದಾಗ ನಗಬೇಕೋ ಅಳಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಅವಳೇ ಗಂಡನ ಮುಂದೆ ನಿಂತು, ಒಂದು ಸಲ ತಿರುಗಿದ್ದೀರಿ, ಇನ್ನೊಂದು ಸಲ ತಿರುಗಿರಿ ಎಂದು ಹೇಳಿ, ಮೊದಲು ಮುಂಗಡ ಕೊಟ್ಟ ಕಂಪನಿಗೇ ವಾಪಸ್ ತಂದಳು.

ಹೀಗೆ ಎರಡೂ ಮನೆಯವರು ಒಂದೇ ಹೊಸ ಜಹಾಜು ಹತ್ತಿದೆವು. ಅಂಗಳದಲ್ಲಿ ಅತ್ತೆ ಆ ಅಜ್ಜಿಯನ್ನು ಕಂಡಾಗ ಓಡಿ ಹೋಗಿ ತಬ್ಬಿಕೊಳ್ಳುತ್ತಾರೆ ಎಂದುಕೊಂಡಿದ್ದೆ. “ಬಂದಿಯೇನ?” ಎಂದರು ಇವರು. “ಬಂದೀನಿ,” ಎಂದಳು ಅವಳು. ಇಬ್ಬರೂ ಕುರ್ಚಿ ನೋಡತೊಡಗಿದರು.

ನಮ್ಮ ಕೋಣೆಗೆ ಕಿಟಕಿ ಇತ್ತು. ನಿಜವಾದ ಗಾಜು. ಗಾಜಿನಾಚೆ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರ, ಆಪತ್ತಿನ ಹೊತ್ತಿಗೆಂದು ತೂಗುಹಾಕಿದ ಕಿತ್ತಳೆ ಬಣ್ಣದ ದೊಡ್ಡ ದೋಣಿ. ಸಮುದ್ರ ಅದರ ಹಿಂದೆಲ್ಲೋ ಇತ್ತು. ಯಜಮಾನರು ಪಡದೆ ಹಿಡಿದುಕೊಂಡೇ ಬಹಳ ಹೊತ್ತು ನಿಂತರು. ಆಮೇಲೆ ಪಕ್ಕದ ಕೋಣೆಗೆ ಹೋದರು. ಅಲ್ಲಿ ಮಂಗಳವೇಢೆಯವರಿಗೆ ಅದೇ ದೋಣಿಯ ಇನ್ನರ್ಧ ಕಾಣುತ್ತಿತ್ತು. ತಾವೇ ಒಪ್ಪಿ ಬಂದ ಕಂಪನಿಯನ್ನು ಬೈಯುವುದು ಇಬ್ಬರಿಗೂ ಸಾಧ್ಯವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ನಗುನಗುತ್ತ ಹೊರಗೆ ಬಂದು, ಏನಾದರೂ ಆದರೆ ಮೊದಲು ಇಳಿಯುವವರು ನಾವೇ, ಇದಕ್ಕಿಂತ ಒಳ್ಳೆಯ ಕೋಣೆ ಇಡೀ ಜಹಾಜಿನಲ್ಲಿಲ್ಲ ಎಂದು ನಮಗೆ ತಿಳಿಸಿದರು.

ಕೌಂಟರಿನ ಜಗಳವಿಲ್ಲದ್ದರಿಂದ ಅವರಿಬ್ಬರಿಗೂ ಈ ಸಲ ಬೇಕಾದಷ್ಟು ಬಿಡುವಿತ್ತು. ಆ ಬಿಡುವನ್ನೆಲ್ಲ ತಾಯಂದಿರ ಸೇವೆಗೆ ಮೀಸಲಿಟ್ಟರು. ಅವ್ವಾ ಬಿಸಿಲು ಬಂತು, ಈಚೆ ಬಾ. ಅವ್ವಾ ಫೋಟೋ, ನಗು. ಅವ್ವಾ ಅಲ್ಲಿ ಜಾದೂ ನಡೆದಿದೆ, ಏಳು. ನಾಷ್ಟಾ ಒಟ್ಟಿಗೆ, ಊಟ ಒಟ್ಟಿಗೆ, ಸಂಜೆಯ ಹಾಡು ಒಟ್ಟಿಗೆ. ಆ ಎರಡು ಕುರ್ಚಿಗಳ ಸುತ್ತ ನಮ್ಮ ಎರಡೂ ಮನೆಗಳು ಬಂದು ನೆರೆದುಬಿಟ್ಟವು. ಅತ್ತೆ ಪ್ರತಿ ಸಲ ಮೊಣಕಾಲಿಗೆ ಕೈಯೂರಿ ಎದ್ದರು. ನಾವಿಬ್ಬರು ಸೊಸೆಯರೂ ತಡೆಯಲು ನೋಡಿದೆವು. ಆದರೆ ತಾಯಿಯನ್ನು ಪ್ರೀತಿ ಮಾಡಬೇಡಿ ಎಂದು ಗಂಡಸರಿಗೆ ಹೇಳುವುದು ಹೇಗೆ?

ಕೊನೆಯ ದಿನ ಮಧ್ಯಾಹ್ನ ಇಬ್ಬರು ಮುದುಕಿಯರೂ ಕಾಣಲಿಲ್ಲ. ಗಂಡಸರು ಗಾಬರಿಯಾಗಿ ಊಟದ ಮನೆ, ಲಿಫ್ಟು, ಈಜುಕೊಳದ ಸುತ್ತ ಹುಡುಕಿದರು. ನಾನು ಕೆಳಗಿನ ಮಹಡಿಗಳನ್ನು ನೋಡುತ್ತ ಹೋದೆ. ಒಂದು ಮೆಟ್ಟಿಲ ಹಿಂದೆ, ಒದ್ದೆ ಟಾವೆಲ್ಲುಗಳನ್ನು ರಾಶಿ ಹಾಕುವ ಇಕ್ಕಟ್ಟಾದ ಜಾಗದಲ್ಲಿ, ಎಲ್ಲಿಂದಲೋ ತಂದ ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಅವರು ಕೂತಿದ್ದರು. ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ. ಎದುರಿಗೆ ಬಿಳಿ ಬಣ್ಣ ಬಳಿದ ಗೋಡೆ. ಮಾತೂ ಆಡುತ್ತಿರಲಿಲ್ಲ. ಮಂಗಳವೇಢೆಯಾಕೆ ಚಪ್ಪಲಿ ಬಿಟ್ಟು ಕಾಲು ನೀಡಿಕೊಂಡಿದ್ದಳು.

ನನ್ನ ನೆರಳು ಬಿದ್ದಾಗ ಅತ್ತೆ ತಲೆ ಎತ್ತಿದರು. ನನ್ನನ್ನು ನೋಡಿದರು. ಏಳಲಿಲ್ಲ.

ನಾನು ಮೇಲೆ ಬಂದು, ಕೆಳಗೆಲ್ಲ ನೋಡಿದೆ, ಅಲ್ಲಿಲ್ಲ, ಭಜನೆ ಗಿಜನೆ ಎಲ್ಲಾದರೂ ನಡೆದಿದೆಯೋ ಮೇಲಿನ ಮಹಡಿಗಳಲ್ಲಿ ನೋಡಿರಿ ಎಂದೆ. ಇಬ್ಬರೂ ಮೇಲಕ್ಕೆ ಓಡಿದರು. ಮಂಗಳವೇಢೆಯ ಸೊಸೆ ನನ್ನ ಮುಖ ನೋಡಿ, ಇಬ್ಬರು ಅತ್ತೆಯರಿಗೂ ಚಹಾ ತರಲು ಹೋದಳು.

ಮುಂಬಯಿಯಿಂದ ತಿರುಗಿ ಬರುವ ರೈಲಿನಲ್ಲಿ ಗಂಡಸರು ಗಂಭೀರವಾಗಿ ಚರ್ಚೆ ಮಾಡಿದರು. ಹಿರಿಯರು ಎಲ್ಲಿ ಹೋದರೆಂದು ಸಿಬ್ಬಂದಿಗೇ ಗೊತ್ತಿಲ್ಲದ ಕಂಪನಿ ಇದು. ಮುಂದಿನ ವರ್ಷ ಬ್ಯಾರೆಯದೇ ನೋಡಬೇಕು ಎಂದು ಇಬ್ಬರೂ ಒಪ್ಪಿದರು. ಈ ಸಲ ಕೂಡಿಯೇ ಹುಡುಕುವುದಂತೆ. ಎದುರಿನ ಸೀಟಿನಲ್ಲಿದ್ದ ತಾಯಿಗೆ ಯಜಮಾನರು ಕೇಳಿದರು, ನಿನಗೆ ಎಂಥ ಜಹಾಜು ಬೇಕವ್ವಾ ಎಂದು. ಎರಡು ವರ್ಷಗಳಲ್ಲಿ ಅವರಿಗೆ ಆ ಪ್ರಶ್ನೆ ಬಂದದ್ದು ಅದೇ ಮೊದಲು.

ಅತ್ತೆ ಸ್ವಲ್ಪ ಯೋಚಿಸಿ, “ಯಾವದಾದ್ರೂ ಇರ್ಲಿಪಾ,” ಎಂದರು. “ಇದಕ್ಕಿಂತ ದೊಡ್ಡದ ನೋಡು.”