ಕಾಕಾನ ಕರದಂಟಿನ ಚಿಕಿತ್ಸೆ

ಇವತ್ತು ಹುಕ್ಕೇರಿಯ ನಮ್ಮ ಮನೆಗೆ ಮೂಡಲಗಿಯ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಜೊತೆಗೆ ಗೋಕಾಕದ ಕರದಂಟಿನ ಡಬ್ಬಿ ತಂದಿದ್ದರು. ಮುಚ್ಚಳ ತೆರೆದೊಡನೆ ತುಪ್ಪದಲ್ಲಿ ಹುರಿದ ಅಂಟಿನ ವಾಸನೆ. ನೀವಾಗಿದ್ದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಅಪ್ಪನ ತಮ್ಮ, ನಮ್ಮ ಕಾಕಾ, ನೆನಪಾದರು.

ಕಾಕಾ ಮಿಲಿಟರಿಯಲ್ಲಿ ಮನೋವೈದ್ಯರಾಗಿದ್ದರು. ಯುದ್ಧದಲ್ಲಿ ಸೆರೆಸಿಕ್ಕಿ ಮರಳಿದ ಸಿಪಾಯಿಗಳ ಮನಸ್ಸೇ ಅವರ ಜೀವಮಾನದ ಅಭ್ಯಾಸದ ವಿಷಯ. ನಿವೃತ್ತರಾಗಿ ಗೋಕಾಕಕ್ಕೆ ಬಂದ ಮೇಲೂ ಅದನ್ನು ಬಿಡಲಿಲ್ಲ. ಆಗ ನಾನು ಹೈಸ್ಕೂಲಿಗೆಂದು ಅವರ ಮನೆಯಲ್ಲಿದ್ದೆ. ಇದ್ದೂ ಇಲ್ಲದಂತೆ ಕೂಡುವುದು ನನ್ನ ಏಕೈಕ ಪ್ರತಿಭೆಯಾದ್ದರಿಂದ ಎಲ್ಲವನ್ನೂ ನೋಡಿದೆ.

ಅವರ ರೋಗಿ ಕೊಣ್ಣೂರಿನ ಭೀಮಪ್ಪ, ಜಪಾನಿಗಳ ಸೆರೆಯಲ್ಲಿ ವರ್ಷಗಟ್ಟಲೆ ಇದ್ದು ಬಂದವನು. ಕೂಡು ಎನ್ನದೆ ಕೂಡುತ್ತಿರಲಿಲ್ಲ, ಯಾರು ಬಂದರೂ ಎದ್ದು ನಿಲ್ಲುತ್ತಿದ್ದ, ಏನೆಂದರೂ "ಹೂಂನ್ರಿ" ಎನ್ನುತ್ತಿದ್ದ. "ಇವೇ ನೋಡು ಸೆರೆಯ ಲಕ್ಷಣ," ಎಂದು ಕಾಕಾ ನನಗೆ ವಿವರಿಸುತ್ತಿದ್ದರು. ಆಗ ಬಾಗಿಲ ಹಿಂದೆ ಅವರ ಹೆಂಡತಿ, ನಮ್ಮ ಕಾಕೂ, ಚಹಾ ಹಿಡಿದು ಒಳಗೆ ಬರಲು ಅಪ್ಪಣೆಗಾಗಿ ಕಾಯುತ್ತಿದ್ದರು.

ಹತ್ತರಗಿಯಲ್ಲಿ ಕಾಕೂನ ತಾಯಿಗೆ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ಮಗಳ ಮುಖ ನೋಡಬೇಕಂತೆ. ಕಾಕೂ ಕೇಳಿದಾಗಲೆಲ್ಲ ಕಾಕಾನದು ಒಂದೇ ಮಾತು: "ನನ್ನ ಅಭ್ಯಾಸ ಮುಗೀಲಿ, ಆಮ್ಯಾಲ ಹೋಗಿಯಂತ."

ಚಿಕಿತ್ಸೆ ಸರಳವಾಗಿತ್ತು. ಸೆರೆಯಲ್ಲಿದ್ದವನಿಗೆ ಮೊದಲು 'ಒಲ್ಲೆ' ಎನ್ನಲು ಕಲಿಸಬೇಕು. ದಿನಾ ಮುಂಜಾನೆ ಕಾಕಾ ಕರದಂಟು ಮುಂದೆ ಹಿಡಿಯುತ್ತಿದ್ದರು.

"ಒಲ್ಲೆ ಅನ್ನು, ಭೀಮಪ್ಪ."

"ಹೂಂನ್ರಿ ಸಾಹೇಬ್ರ," ಎಂದು ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ತಿನ್ನೂದಲ್ಲೋ! ಒಲ್ಲೆ ಅನ್ನೂದು!"

"ಸೆರಿಯೊಳಗ ಇದನ್ನ ಬರೇ ಕನಸಿನ್ಯಾಗ ತಿಂದೇನ್ರಿ. ಈಗ ಹೆಂಗ ಒಲ್ಲೆ ಅನ್ಲಿ?"

ಇದಕ್ಕೆ ಕಾಕಾ 'ರೋಗ ಆಳವಾಗಿದೆ' ಎನ್ನುತ್ತಿದ್ದರು. ಪಾಠ ತಿಂಗಳುಗಟ್ಟಲೆ ನಡೆಯಿತು, ಭೀಮಪ್ಪ ದಪ್ಪಗಾದ. ಬಾಗಿಲ ಹಿಂದೆ ಚಹಾ ಹಿಡಿದು ನಿಂತ ವಿದ್ಯಾರ್ಥಿನಿಯ ಮೇಲೆ ಯಾರ ಲಕ್ಷ್ಯವೂ ಇರಲಿಲ್ಲ.

ಒಂದು ದಿನ ಕಾಕಾ, "ನಾಳೆ ಮಿಲಿಟರಿ ದೊಡ್ಡ ಸಾಹೇಬ್ರು ನನ್ನ ಕೆಲಸಾ ನೋಡಾಕ ಬರ್ತಾರ. ಹೋಳಗಿ ಮಾಡು," ಎಂದರು.

"ಒಲ್ಲೆರಿ," ಎಂದರು ಕಾಕೂ.

"ಏನಂದಿ?"

"ಒಲ್ಲೆರಿ. ಅವ್ವನ್ನ ನೋಡಾಕ ಹೊಂಟೇನಿ."

ಕೈಚೀಲ ಹಿಡಿದು ಬಸ್ಸಿಗೆ ಹೊರಟೇಬಿಟ್ಟರು. ಕಾಕಾ ಕುರ್ಚಿಯಲ್ಲಿ ಕುಸಿದರು. "ಭೀಮಪ್ಪ, ಇಕೀಗೆ ಏನಾತೋ?"

ಭೀಮಪ್ಪ ಎದ್ದು ನಿಂತು, ಬಾಯಲ್ಲಿದ್ದುದನ್ನು ನುಂಗಿ ಹೇಳಿದ: "ಬಾಯಿಸಾಹೇಬ್ರು ಗುಣಾ ಆಗ್ಯಾರ್ರಿ."

ಮರುದಿನ ದೊಡ್ಡ ಸಾಹೇಬರಿಗೆ ಕರದಂಟನ್ನೇ ಕೊಟ್ಟೆವು. ಅವರೂ ಒಲ್ಲೆ ಎನ್ನಲಿಲ್ಲ. ಅತ್ತ ಹತ್ತರಗಿಯಲ್ಲಿ ಮುದುಕಿ ಮಗಳ ಮುಖವನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳಂತೆ.

ಇವತ್ತು ಹುಡುಗನ ತಂದೆ ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ಧಾರವಾಡದಾಗ ಎಂ.ಎ. ಓದೂದು ಇನ್ನ ಸಾಕು. ಒಪ್ಪಿಗಿ ಐತಿಲ್ಲವಾ?"

"ಒಲ್ಲೆರಿ," ಎಂದೆ.

ಅಪ್ಪ ಕೆಮ್ಮಿದರು. "ಆಕಿಗೆ ಸಿಹಿ ಸೇರೂದಿಲ್ರಿ."

ಬಾಗಿಲ ಹಿಂದೆ ತಂಗಿ ನಿಂತಿದ್ದಳು. ನಾನು ಒಂದು ತುಂಡು ಕರದಂಟು ತೆಗೆದುಕೊಂಡು ಸಾವಕಾಶ ತಿಂದೆ. ಆಮೇಲೆ, ಅವಳಿಗೂ ಕೇಳುವಂತೆ, ಮತ್ತೊಮ್ಮೆ ಹೇಳಿದೆ.