ಮಂಡಿ ಎತ್ತರ

ಕಿತ್ತೂರಿನಲ್ಲಿ ನಾನು ಕಟ್ಟಿದ ಮನೆಗಳಿವೆ, ಸವದತ್ತಿಯಲ್ಲಿ ಅಂಗಡಿಗಳಿವೆ, ಚಚಡಿಯ ವಾಡೆಯ ಹತ್ತಿರ ಒಂದು ಹಿತ್ತಿಲ ಗೋಡೆ ಇದೆ. ಬೈಲಹೊಂಗಲದ ಲೆಕ್ಕ ಬಿಡಿ, ಇದು ನನ್ನ ಊರು. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅದಕ್ಕೆ ಕಾರಣ ಹೇಳಿ ಕಣ್ಣೀರು ಹಾಕುವ ಪೈಕಿ ಅಲ್ಲ. ಕೂತು ಬರೆಯುವುದಕ್ಕಿಂತ ನಿಂತು ಮಾಡುವ ಕೆಲಸ ನನಗೆ ಮೊದಲಿನಿಂದಲೂ ಸೇರುತ್ತಿತ್ತು. ಮೊದಲು ಅಪ್ಪನ ಹಿಂದೆ ಹೋಗಿ ಹತ್ತಿ ಮಂಡಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಹೊತ್ತೆ. ಆಮೇಲೆ ಗೌಂಡಿಗಳ ಕೈಕೆಳಗೆ ಕಲ್ಲು, ಸಿಮೆಂಟು ಹೊತ್ತೆ. ಹೊರುತ್ತ ಹೊರುತ್ತ ನಾನೂ ಗೌಂಡಿಯಾದೆ.

ಆದರೆ ಆ ಗೋಡೆಗಳೆಲ್ಲ ಬೇರೆ ಗುತ್ತಿಗೆದಾರರ ಹೆಸರಿನಲ್ಲಿ ಎದ್ದವು. ಕಲ್ಲು ಕೂಡಿಸಿದವನು ನಾನು, ಹಾರ ಹಾಕಿಸಿಕೊಂಡವರು ಅವರು. ನನ್ನದೇ ಹೆಸರಿನಲ್ಲಿ ಬಂದ ಮೊದಲ ಕೆಲಸವೆಂದರೆ ಕೊಂಡವಾಡದ್ದು.

ಕೊಂಡವಾಡ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯಾರದಾದರೂ ದನ ಇನ್ನೊಬ್ಬರ ಬೆಳೆಗೆ ನುಗ್ಗಿದರೆ, ಬೀದಿಯಲ್ಲಿ ಅಡ್ಡಾಡುತ್ತ ಸಿಕ್ಕರೆ, ಹಿಡಿದು ತಂದು ಕೂಡಿಹಾಕುತ್ತಿದ್ದ ಸರ್ಕಾರಿ ಜಾಗ ಅದು. ಮಾಲೀಕ ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಎಮ್ಮೆಯೂ ಒಂದು ರಾತ್ರಿ ಅಲ್ಲಿ ಉಳಿದಿತ್ತು. ಅವ್ವ ಬೆಳಿಗ್ಗೆ ಹೋಗಿ ಬಾಗಿಲ ಸಂದಿಯಿಂದ ಅದಕ್ಕೆ ರೊಟ್ಟಿ ತಿನ್ನಿಸುತ್ತ, ಎಮ್ಮೆಗೆ ಬಯ್ದಂತೆ ಮಾಡಿ ಕಾವಲುಗಾರನಿಗೆ ಬಯ್ದಿದ್ದಳು. ಈಗ ಊರಲ್ಲಿ ಅಡ್ಡಾಡುವ ದನಗಳೂ ಕಡಿಮೆ, ಹಿಡಿಯುವವರೂ ಇಲ್ಲ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ ಕುಸಿದು, ಒಳಗೆ ಜಾಲಿ ಬೆಳೆದು, ಪೇಟೆಯ ನಡುವೆ ಕಸ ಚೆಲ್ಲುವ ಜಾಗವಾಗಿತ್ತು. ಅದನ್ನು ಕೆಡವಿ ಕಾಯಿಪಲ್ಲೆ ಮಾರ್ಕೆಟ್ ಮಾಡುವುದೆಂದು ಪುರಸಭೆಯಲ್ಲಿ ಠರಾವಾಯಿತು. ಬಸ್ ನಿಲ್ದಾಣದ ಹತ್ತಿರ ರಸ್ತೆಯ ಅಂಚಿನಲ್ಲಿ ಧೂಳು ತಿನ್ನುತ್ತ ಕೂರುತ್ತಿದ್ದ ಹೆಂಗಸರಿಗೆ ಒಳಗೆ ಇಪ್ಪತ್ನಾಲ್ಕು ಕಟ್ಟೆ, ಮೇಲೆ ತಗಡಿನ ನೆರಳು. ಕಟ್ಟೆಗಳ ಕೆಲಸ ನನಗೆ ಬಂತು.

ಕೆಲಸ ನೋಡಿಕೊಳ್ಳಲು ಬಂದ ಇಂಜಿನಿಯರ್ ಮೈಸೂರು ಕಡೆಯ ಹೆಣ್ಣುಮಗಳು. ನಾವು ಬಾಯಾರು ಎನ್ನುತ್ತಿದ್ದೆವು. ಅಂಥ ಕನ್ನಡವನ್ನು ನಾನು ಟಿವಿಯಲ್ಲಷ್ಟೇ ಕೇಳಿದ್ದೆ. ನನಗೆ ಕೊಟ್ಟ ನಕಾಶೆಯ ಝೆರಾಕ್ಸಿನಲ್ಲಿ ಕಟ್ಟೆಗಳ ಉದ್ದಗಲ ಕಾಣುತ್ತಿತ್ತು, ಎತ್ತರ ಬರೆದ ಕಡೆ ಬರೀ ಮಸಿ. ಕೇಳಿದೆ.

"ಮಂಡಿ ಎತ್ತರಕ್ಕಿರಲಿ ಮೇಸ್ತ್ರಿ. ಜಾಸ್ತಿನೂ ಬೇಡ, ಕಮ್ಮಿನೂ ಬೇಡ," ಎಂದರು.

"ಮಂಡಿ ಎತ್ತರನರಿ?"

"ಹೂಂ, ಮಂಡಿ ಎತ್ತರ. ಗೊತ್ತಾಯ್ತಲ್ಲ?"

"ಅದನ್ನ ನನಗ ಹೇಳಿಕೊಡಬೇಕಾ ಬಾಯಾರ? ಅಲ್ಲೇ ಬೆಳದಾವರಿ ನಾ."

ಅವರು ನನ್ನ ಮುಖ ಒಂದು ಗಳಿಗೆ ನೋಡಿದರು, ಆಮೇಲೆ ಫೋನ್ ಬಂತೆಂದು ಹೋದರು. ರಾಮದುರ್ಗದ ಕಡೆ ಇನ್ನೊಂದು ಕೆಲಸ ನಡೆದಿತ್ತು. ಮೂರು ವಾರ ಅವರು ಈ ಕಡೆ ಬರಲಿಲ್ಲ.

ಮಂಡಿ ಎಂದರೆ ನನಗೆ ಒಂದೇ. ಹತ್ತಿ ಮಂಡಿ. ಅಲ್ಲಿಯ ಕಟ್ಟೆಗಳು ಚಕ್ಕಡಿಯ ಮಟ್ಟಕ್ಕಿರುತ್ತವೆ, ಅಂಡಿಗೆಯನ್ನು ಎತ್ತದೆ ಉರುಳಿಸಿ ಇಳಿಸಲಿಕ್ಕೆ. ಆದರೂ ಅಂದಾಜಿನ ಮೇಲೆ ಕೆಲಸ ಮಾಡುವವನಲ್ಲ ನಾನು. ಟೇಪು ಹಿಡಿದು ಮಂಡಿಗೆ ಹೋಗಿ ಅಳೆದು ಬಂದೆ. ಮೂರೂವರೆ ಫೂಟು. ನೂಲು ಕಟ್ಟಿ, ನೀರಿನ ಪೈಪು ಹಿಡಿದು, ಇಪ್ಪತ್ನಾಲ್ಕು ಕಟ್ಟೆಯನ್ನೂ ಅದೇ ಮಟ್ಟಕ್ಕೆ ತಂದೆ. ಮೇಲೆ ಶಹಾಬಾದ ಫರಸಿ ಹಾಸುಗಲ್ಲು. ಸೀರೆ ಸಿಕ್ಕಬಾರದೆಂದು ಒಂದೊಂದು ಮೂಲೆಯನ್ನೂ ಉಜ್ಜಿ ದುಂಡಗೆ ಮಾಡಿದೆ. ಫರಸಿಯ ಮೇಲೆ ಗೋಲಿ ಇಟ್ಟರೆ ಅಲ್ಲಾಡುತ್ತಿರಲಿಲ್ಲ. ಅಷ್ಟು ಚಂದದ ಕೆಲಸವನ್ನು ನಾನು ಹಿಂದೆ ಮಾಡಿರಲಿಲ್ಲ. ಈಗಲೂ ಹೇಳುತ್ತೇನೆ.

ಮರಳು ತರುತ್ತಿದ್ದ ಟ್ರ್ಯಾಕ್ಟರ್ ಡ್ರೈವರ್ ನನ್ನ ಹಳೆಯ ಗೆಳೆಯ, ನಮ್ಮ ಓಣಿಯ ಸಾಬರವನು. ಅವನು ಮೊದಲೇ ಒಂದು ಮಾತು ಹೇಳಿದ್ದ.

"ಏನ ಗೌಂಡಿ, ಇಲ್ಲೆ ನಾಟಕಾ ಆಡಸಾವ್ರ ಏನ? ಇಪ್ಪತ್ನಾಕ ಸ್ಟೇಜ್ ಯಾಕೋ?"

"ನೀ ಗಾಡಿ ಹೊಡಿ. ನಕಾಶಿ ತಿಳಿಯಾಂಗಿದ್ರ ನೀ ಯಾಕ ಡ್ರೈವರ್ ಆಗತಿದ್ದಿ?"

"ನಕಾಶಿ ತಿಳಿಯೂದಿಲ್ಲ ಖರೆ. ಕಣ್ಣ ಕಾಣತಾವ," ಎಂದು ಅವನು ಗಾಡಿ ತಿರುಗಿಸಿದ.

ಕಟ್ಟೆ ಮುಗಿದ ಮರುದಿನ ಹೆಂಗಸರು ನೋಡಲು ಬಂದರು. ಮುಂದೆ ಸಂಪಗಾಂವದ ಆಯಿ. ಮೊದಲ ಟೆಂಪೋಕ್ಕೆ ಮೆಂತ್ಯೆ, ಪುಂಡಿಪಲ್ಲೆ, ರಾಜಗಿರಿಯ ಬುಟ್ಟಿ ಹೊತ್ತು ಬರುವ ಮುದುಕಿ. ಅವಳು ಕೂತಲ್ಲಿ ಉಳಿದವರು ಕೂರುತ್ತಾರೆ, ಅವಳು ಎದ್ದರೆ ಏಳುತ್ತಾರೆ. ಅವಳು ಕಟ್ಟೆಯ ಪಕ್ಕ ಬಂದು ನಿಂತಳು. ಫರಸಿ ಅವಳ ಎದೆಗೆ ಬಂತು. ಕೈಯಿಂದ ಸವರಿ ನೋಡಿದಳು.

"ನುಣ್ಣಗ ಚಲೋ ಮಾಡೀಯೋ ಎಪ್ಪಾ. ಯಾರಿಗೆ ಇದು?"

"ನಿಮಗ, ಆಯಿ."

"ನಮಗ? ನಾ ಏನ ಹತ್ತಿ ಅಂಡಗಿ ಏನ, ನಾಕ ಮಂದಿ ಕೂಡಿ ಎತ್ತಿ ಇಡಾಕ?"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ಸಿಟ್ಟು ಬಂತು. "ಎರಡೆರಡ ಪಾವಟಿಗಿ ಕಟ್ಟಿ ಕೊಡತೇನಿ. ಹತ್ತಿ ಕುಂದರ್ರಿ," ಎಂದೆ.

"ನಾ ಹತ್ತತೇನಿ ಅನ್ನು. ಗಿರಾಕಿ ಎಲ್ಲಿ ಕುಂದರಬೇಕು?"

"ಗಿರಾಕಿ ಯಾಕ ಕುಂದರಬೇಕು? ನಿಂತ ತಗೋತಾಳ."

ಆಯಿ ನನ್ನನ್ನು ಏನೂ ತಿಳಿಯದ ಕೂಸನ್ನು ನೋಡಿದಂತೆ ನೋಡಿದಳು. "ನಿನ್ನ ಹೇಂತೀನ ಕೇಳ ಹೋಗು. ನಿಂತಾಕಿ ದರಾ ಕೇಳಿ ಮುಂದಿನಾಕಿ ಕಡೆ ಹೋಗತಾಳ. ಅದ ಕುಂತ್ಲು ಅಂದ್ರ ಪಲ್ಲೆ ಸಿವುಡ ಎತ್ತಿ ನೋಡತಾಳ, ಮಗಳ ಬಾಣಂತನದ ಸುದ್ದಿ ತಗೀತಾಳ, ಒಂದ ಸಿವುಡ ಒಯ್ಯಾಕ ಬಂದಾಕಿ ಮೂರ ಒಯ್ತಾಳ. ಮತ್ತ ಇದರ ಮ್ಯಾಲ ಕುಂತು, ನನ್ನ ಕಾಲ ಆಕಿ ಮಾರಿ ಮುಂದ ಹಿಡದು ಪಲ್ಲೆ ಮಾರಲೇನು? ನಮಗ ರೋಡ ಬೇಷ್ ಐತಿ."

ಅವಳು ಹೊರಟಳು. ಉಳಿದವರೂ ಹೊರಟರು.

ಅದೇ ವಾರ ಬಾಯಾರು ರಾಮದುರ್ಗದಿಂದ ಬಂದರು. ಗೇಟಿನಲ್ಲೇ ನಿಂತುಬಿಟ್ಟರು.

"ಮೇಸ್ತ್ರಿ, ನಾನು ಮಂಡಿ ಎತ್ತರ ಅಂದಿದ್ದೆ ಅಲ್ವಾ?"

"ಮಂಡಿ ಎತ್ತರನ ಐತ್ರಿ. ಟೇಪ್ ಹಿಡದ ತೋರಸ್ಲೇನು? ಒಂದ ನೂಲ ಹೆಚ್ಚುಕಡಿಮಿ ಇಲ್ಲ."

ಅವರು ಬಗ್ಗಿ ತಮ್ಮ ಮೊಣಕಾಲನ್ನು ಎರಡು ಸಲ ತಟ್ಟಿದರು. "ಮಂಡಿ."

"ಅದು ಮೊಣಕಾಲ್ರಿ."

"ಮೊಣಕಾಲೇ ಮಂಡಿ."

"ಮಂಡಿ ಅಂದ್ರ ಬಜಾರದಾಗ ಇರತೈತ್ರಿ, ಹತ್ತಿ ಹಚ್ಚೂದು..." ಎನ್ನುತ್ತ ನಾನು ನಿಂತೆ. ನನ್ನ ಮಾತು ನನ್ನ ಕಿವಿಗೇ ಬಿತ್ತು. ಬಾಯಾರಿಗೆ ನಗು ತಡೆಯಲಾಗಲಿಲ್ಲ. ಗೇಟಿನ ಕಂಬ ಹಿಡಿದುಕೊಂಡು ನಕ್ಕರು. ನನಗೂ ಒಳಗೊಳಗೆ ನಗು ಬಂದಿತ್ತು, ಆದರೆ ನಗಲಿಲ್ಲ.

ನಗು ಮುಗಿದ ಮೇಲೆ ಅವರು ಹೇಳಿದ ಮಾತು ಮಾತ್ರ ನಗುವಂಥದ್ದಾಗಿರಲಿಲ್ಲ. ಆ ಜಾಗವನ್ನು ಬೈಕ್ ನಿಲ್ಲಿಸಲು ಕೊಡಬೇಕೆಂದು ಪೇಟೆಯ ಕೆಲವರು ಮೊದಲಿನಿಂದ ಕೇಳುತ್ತಿದ್ದರು. ಹೆಂಗಸರು ಒಳಗೆ ಬಂದು ಕೂರುವುದೇ ಇಲ್ಲ ಎಂಬುದು ಅವರ ವಾದ. ಬರುವ ಸೋಮವಾರ ಪುರಸಭೆಯ ಸಾಹೇಬರು ನೋಡಲು ಬರುವವರಿದ್ದರು. ಅಂದು ಹೆಂಗಸರು ಕಟ್ಟೆಗಳ ಮೇಲೆ ಇದ್ದರೆ ಮಾರ್ಕೆಟ್ ಉಳಿಯುತ್ತದೆ. ಇಲ್ಲದಿದ್ದರೆ ಕಟ್ಟೆ ಒಡೆದು ಬೈಕಿಗೆ ಜಾಗ.

ಕೈಯಲ್ಲಿ ಎಂಟು ದಿನ. ಇಪ್ಪತ್ನಾಲ್ಕು ಕಟ್ಟೆ ಇಳಿಸಿ ಮತ್ತೆ ಫರಸಿ ಕೂಡಿಸಿ ಸಿಮೆಂಟಿಗೆ ನೀರು ಕುಡಿಸಲು ಮೂರು ವಾರವಾದರೂ ಬೇಕು. ಎರಡು ದಿನ ನಾನು ಏನೂ ಮಾಡಲಿಲ್ಲ. ಮನೆಯಲ್ಲಿ ಕೂತು, ಮಾತು ಅವರದು, ತಪ್ಪು ಅವರದು ಎಂದು ಗೋಡೆಗೆ ಹೇಳಿದೆ. ಹೆಂಡತಿ ಕೇಳಿಕೊಂಡಳು.

"ತಿಳೀಲಿಲ್ಲ ಅಂದ್ರ ಕೇಳಬೇಕಿತ್ತಲ್ಲ?" ಎಂದಳು.

"ತಿಳದಿತ್ತಲ್ಲ, ಅದಕ್ಕ ಕೇಳಲಿಲ್ಲ."

"ಏನ ತಿಳದಿತ್ತ ನಿಮಗ, ಸುಡ್ಲಿ. ಗಿರಾಕಿ ನಿಂತ ತಗೋತಾಳ ಅಂದ್ರೆಂತ. ನನ್ನ ಸಂತಿಗೆ ಕಳಿಸಿ ಇಷ್ಟ ವರ್ಷ ಆತು, ನಾ ಹೆಂಗ ಪಲ್ಲೆ ತರತೇನಿ ಅನ್ನೂದರ ಗೊತ್ತೈತೇನು?"

ಮೂರನೆಯ ದಿನ ಕೊಂಡವಾಡಕ್ಕೆ ಹೋದೆ. ಹಿಂದಿನ ಮೂಲೆಯಲ್ಲಿ ಹಳೆಯ ಗೋಡೆಗಳ ಮಣ್ಣು ಗುಡ್ಡದಂತೆ ಬಿದ್ದಿತ್ತು. ಊರ ಹೊರಗೆ ಚೆಲ್ಲಿ ಬರಲು ಡ್ರೈವರ್ ಗೆಳೆಯ ಬಂದಿದ್ದ. ಮಧ್ಯಾಹ್ನದ ಹೊತ್ತು. ಅವನು ಸಾಲಿನ ಕೊನೆಯ ಕಟ್ಟೆಯ ಅಂಚಿಗೆ ಕೂತು, ಪಕ್ಕದಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು ರೊಟ್ಟಿ ತಿನ್ನುತ್ತಿದ್ದ. ಎರಡೂ ಪಾದ ನೆಲದ ಮೇಲೆ ಆರಾಮಾಗಿ ಊರಿದ್ದವು. ಮೂರೂವರೆ ಫೂಟಿನ ಕಟ್ಟೆಯ ಮೇಲೆ ಕೂತವನ ಪಾದ ನೆಲಕ್ಕೆ ಹೇಗೆ ಮುಟ್ಟುತ್ತವೆ? ಗುಡ್ಡೆಯ ಮಣ್ಣು ಜರಿದು ಆ ಕಟ್ಟೆಯ ಬುಡಕ್ಕೆ ಬಂದು ನಿಂತಿತ್ತು.

"ಏಳಬ್ಯಾಡ. ಹಂಗ ಕುಂತಿರು," ಎಂದು ನಾನು ಟೇಪು ತೆಗೆದು ಅವನ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತೆ.

"ರೊಟ್ಟಿ ತಿನ್ನಾಕರ ಬಿಡೋ ಮಾರಾಯಾ. ಗೌಂಡಿಕೆ ಬಿಟ್ಟು ಟೇಲರ್ ಆದ್ಯೇನ?"

ಮಣ್ಣಿನಿಂದ ಫರಸಿಯವರೆಗೆ ಒಂದೂವರೆ ಫೂಟು. ನಿಲ್ಲಿಸಿ ಅವನ ಮೊಣಕಾಲನ್ನೂ ಅಳೆದೆ. ಸರಿಯಾಗಿ ಕೂತಿತು. ಕಟ್ಟೆ ಇಳಿಸಬೇಕಿರಲಿಲ್ಲ. ನೆಲ ಏರಿಸಬೇಕಿತ್ತು. ಮಣ್ಣು ಅಲ್ಲೇ ಇತ್ತು, ಗಾಡಿ ಅಲ್ಲೇ ಇತ್ತು.

ಬಾಯಾರಿಗೆ ಫೋನ್ ಮಾಡಿದೆ. ಮೊದಲು ಹೇಳಬೇಕಾದದ್ದನ್ನು ಮೊದಲು ಹೇಳಿದೆ. "ತಪ್ಪ ನಂದ ಐತ್ರಿ. ಕೇಳಬೇಕಿತ್ತು, ಕೇಳಲಿಲ್ಲ." ಇಷ್ಟು ವರ್ಷದ ಗೌಂಡಿಕೆಯಲ್ಲಿ ಈ ಮಾತು ನನ್ನ ಬಾಯಿಂದ ಹೊರಟದ್ದು ಅದೇ ಮೊದಲು. ಪಕ್ಕದಲ್ಲಿದ್ದ ಡ್ರೈವರ್ ತುತ್ತು ನಿಲ್ಲಿಸಿ ನನ್ನನ್ನೇ ನೋಡಿದ.

"ನಂದೂ ಇದೆ ಮೇಸ್ತ್ರಿ," ಎಂದರು ಅವರು. "ಫೂಟು ಇಂಚಿನಲ್ಲಿ ಹೇಳಬೇಕಿತ್ತು ನಾನು."

ನೆಲ ಏರಿಸುವ ಮಾತು ಹೇಳಿದೆ. ಮಳೆ ಬಂದರೆ ರಸ್ತೆಯ ನೀರು ಮೊದಲೂ ಆ ತಗ್ಗಿಗೇ ನುಗ್ಗುತ್ತಿತ್ತು, ನೆಲ ಎದ್ದರೆ ಅದೂ ತಪ್ಪುತ್ತದೆ ಎಂದರು. ಗೇಟಿನ ಕಡೆ ಇಳಿಜಾರು ಬಿಡಬೇಕು, ಒಂದೊಂದು ಪದರಿಗೂ ನೀರು ಹೊಡೆದು ರೋಲರ್ ಆಡಿಸಬೇಕು, ಮೇಲೆ ಗರಸು ಮಣ್ಣು ಹಾಕಬೇಕು ಎಂದು ಎಲ್ಲ ಹೇಳಿದರು. ಈ ಸಲ ನಾನು ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿದೆ. "ಗರಸ ಅಂದ್ರ ನಮ್ಮ ಗರಸನ ಹೌದಲ್ರಿ?" ಎಂದೂ ಕೇಳಿದೆ.

ಐದು ದಿನ ನಾವು ಬೆನ್ನು ನೆಟ್ಟಗೆ ಮಾಡಲಿಲ್ಲ. ಡ್ರೈವರ್ ಗುಡ್ಡೆಯನ್ನು ಸಾಲುಗಳ ನಡುವೆ ತಂದು ಸುರಿದ, ಆಳುಗಳು ಹರವಿದರು, ನಾನು ದಿಮ್ಮಸು ಹೊಡೆದು ಗಟ್ಟಿ ಮಾಡಿದೆ. ರೋಲರ್ ಹೋಗದ ಸಂದಿಗಳಲ್ಲೆಲ್ಲ ನಾನೇ ಹೊಡೆದೆ, ಇನ್ನೊಬ್ಬರ ಕೈಗೆ ಕೊಡಲಿಲ್ಲ. ದನಗಳನ್ನು ಹಿಡಿದಿಟ್ಟ ಮಣ್ಣು ನೀರು ಬಿದ್ದ ಕೂಡಲೇ ಕಲ್ಲಿನಂತೆ ಕೂತಿತು. ನಾನು ಕಟ್ಟಿದ ಕಟ್ಟೆಯ ಎರಡು ಫೂಟು ನೆಲದೊಳಗೆ ಹೋಯಿತು. ಆ ಕಲ್ಲಿನ ಸಂದುಗಳನ್ನು ಇನ್ನು ಯಾರೂ ನೋಡುವುದಿಲ್ಲ. ಇರಲಿ, ನಾನು ನೋಡಿದ್ದೇನೆ.

ರವಿವಾರ ಬಸ್ ನಿಲ್ದಾಣದ ಹತ್ತಿರ ಹೋಗಿ ಆಯಿಯ ಬುಟ್ಟಿಯ ಮುಂದೆ ಕೂತೆ. ನಿಂತು ಮಾತಾಡುವ ಧೈರ್ಯ ಇರಲಿಲ್ಲ.

"ನಾಳೆ ಒಮ್ಮೆ ಬಂದ ನೋಡ ಆಯಿ."

"ಮತ್ತೇನ ಕಟ್ಟೀಯೋ? ಮಾಳಗಿ?"

"ಏನೂ ಕಟ್ಟಿಲ್ಲ. ಹುಗದೇನಿ."

ಅವಳು ನಕ್ಕಳು, ಬರುತ್ತೇನೆ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ನಿಂತು ಟೆಂಪೋ ಸದ್ದಿಗೆ ಕಿವಿಕೊಟ್ಟೆ. ಆಯಿ ಬಂದಳು. ಬುಟ್ಟಿ ತಲೆಯ ಮೇಲೇ ಇತ್ತು, ಇಳಿಸಲಿಲ್ಲ. ಹೊಸ ನೆಲವನ್ನು ಕಾಲಿನಿಂದ ಒತ್ತಿ ನೋಡಿದಳು. ಮೊದಲ ಕಟ್ಟೆಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ಅಂಚಿಗೆ ಕೂತಳು, ಗಿರಾಕಿ ಕೂತಂತೆ. ಪಾದ ನೆಲಕ್ಕೆ ಮುಟ್ಟಿದವು. ಎದ್ದಳು. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಒಳಸರಿದು ಕಾಲು ಮಡಚಿ ಕೂತಳು.

"ಬಾ, ಈಗ ನೀ ಕುಂದರು," ಎಂದಳು.

ಅವಳ ಎದುರಿಗೆ ಅಂಚಿನ ಮೇಲೆ ಕೂತೆ. ಅವಳ ಮುಖ, ನನ್ನ ಮುಖ ಒಂದೇ ಮಟ್ಟಕ್ಕೆ ಬಂದವು. ಅವಳು ಸಿವುಡು ಬಿಚ್ಚಿ ಹರವಿದಳು, ನೀರು ಚಿಮುಕಿಸಿದಳು, ಆಮೇಲೆ ಗೇಟಿನ ಹೊರಗೆ ನಿಂತವರಿಗೆ ಕೂಗಿದಳು. "ಯಾಕ ನಿಂತೀರಿ ಅಲ್ಲೆ? ಬರ್ರೆ. ಕುಂದರಾಕ ಬರತೈತಿ."

ಸಾಹೇಬರು ಬರುವ ಹೊತ್ತಿಗೆ ಒಳಗೆ ಜಗಳ ಶುರುವಾಗಿತ್ತು. ಗೇಟಿನ ಎದುರಿನ ಕಟ್ಟೆ ತನ್ನದೆಂದು ಬದನೆಕಾಯಿಯವಳು, ತಾನು ಮೊದಲು ಬುಟ್ಟಿ ಇಟ್ಟವಳೆಂದು ಹಸಿಮೆಣಸಿನಕಾಯಿಯವಳು. ಸಾಹೇಬರ ಗಾಡಿ ನಿಲ್ಲಿಸಲು ಗೇಟಿನ ಮುಂದೆ ಜಾಗವಿರಲಿಲ್ಲ, ಅಷ್ಟು ಗಿರಾಕಿ. ಅವರು ದೂರ ಇಳಿದು ನಡೆದು ಬಂದರು. ಬಾಯಾರು ಏನೋ ಹೇಳಲು ಬಾಯಿ ತೆರೆದರು, ಆ ಗದ್ದಲದಲ್ಲಿ ಕೇಳಿಸಲಿಲ್ಲ. ಸಾಹೇಬರು ಸಾಲುಗಳನ್ನು ಒಮ್ಮೆ ನೋಡಿ, ಕೈಯಲ್ಲಿದ್ದ ಬೈಕ್ ಜಾಗದ ಅರ್ಜಿ ಮಡಚಿ ಬಾಯಾರಿಗೆ ಕೊಟ್ಟು, ಒಂದು ಕಟ್ಟೆಯ ಅಂಚಿಗೆ ಕೂತು ನಿಂಬೆಹಣ್ಣಿನ ದರ ಕೇಳತೊಡಗಿದರು.

"ಗೌಂಡಿ, ಈಕಿಗೆ ಹೇಳು. ಇದು ನನ್ನ ಕಟ್ಟಿ," ಎಂದು ಬದನೆಕಾಯಿಯವಳು ನನ್ನ ತೋಳು ಹಿಡಿದಳು.

"ಹೆಂಗ ನಿನ್ನ ಕಟ್ಟಿ? ನಿಮ್ಮಪ್ಪ ಕಟ್ಟ್ಯಾನೇನ?" ಎಂದು ಇನ್ನೊಬ್ಬಳು ಇನ್ನೊಂದು ತೋಳು ಹಿಡಿದಳು.

ಕಟ್ಟಿದವನು ನಾನು ಎಂದು ಹೇಳಲು ಹೋದೆ. ಇಬ್ಬರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಸುಣ್ಣದ ಡಬ್ಬಿ ತಂದು ಆ ಕಟ್ಟೆಯ ನಡುವೆ ಗೆರೆ ಎಳೆದು ಅರ್ಧ ಅರ್ಧ ಮಾಡಿಕೊಟ್ಟೆ. ಗೆರೆ ಡೊಂಕಾಗಿದೆ ಎಂದು ಇಬ್ಬರೂ ಕೂಡಿ ನನಗೇ ಬಯ್ದರು.