ಮೋತ್ಯಾನ ಚಹಾ ಪೆಟ್ಟಿಗೆ

ಎದುರು ಮನೆಯವರು ಹೋದ ವಾರ ಒಂದು ನಾಯಿಮರಿ ತಂದರು. ಜೊತೆಗೆ ಬಾಗಿಲಿರುವ ಒಂದು ತಂತಿಯ ಗೂಡು. ಮರಿ ಒಳಗೆ ಕುಂಯ್‌ಗುಡುತ್ತಿತ್ತು. ಆ ಮನೆಯ ಹೆಣ್ಣುಮಗಳು ನಮ್ಮ ಗೇಟಿಗೆ ಬಂದು ಕೇಳಿದಳು: “ಅಜ್ಜಾರ, ಹಿಂಗ ಮುಚ್ಚಿಡೂದು ಪಾಪ ಅಲ್ಲೇನ್ರಿ?”

ಈ ವಿಷಯದಲ್ಲಿ ನಾನು ಪಂಡಿತ. ಐವತ್ತರ ದಶಕದಲ್ಲೇ ಗಜೇಂದ್ರಗಡದಲ್ಲಿ ನಾಯಿಯನ್ನು ಪೆಟ್ಟಿಗೆಗೆ ಒಗ್ಗಿಸಿದವನು ನಾನೆಂದು ಎಷ್ಟೋ ಮದುವೆಗಳ ಊಟದ ಪಂಕ್ತಿಯಲ್ಲಿ ಕೊಚ್ಚಿಕೊಂಡಿದ್ದೇನೆ. ಆದರೆ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಸ್ವಲ್ಪ ತಾಳು ಎಂದು ಹೇಳಿ ಒಳಗೆ ಹೋಗಿ ಆ ಕಾಲದ ದಿನಚರಿ ತೆಗೆದೆ. ತೆಗೆದದ್ದು ಒಳ್ಳೆಯದೇ ಆಯಿತು. ಇಷ್ಟು ವರ್ಷ ನಾನು ಕಪ್ಪು ಎಂದು ಬಣ್ಣಿಸಿದ ನಮ್ಮ ನಾಯಿ ಮೋತ್ಯಾ ಅಲ್ಲಿ ಕೆಂದು ಬಣ್ಣದವನು.

ಮೋತ್ಯಾನನ್ನು ಧಾರವಾಡದ ಕಾಲೇಜಿನಿಂದ ಬೇಸಿಗೆ ರಜೆಗೆ ಬರುವಾಗ ಕೈಚೀಲದಲ್ಲಿ ಅಡಗಿಸಿ ಊರಿಗೆ ತಂದವನು ನಾನೇ. ಇದರಲ್ಲಿ ಅನುಮಾನವಿಲ್ಲ, ಬೈಸಿಕೊಂಡದ್ದು ನೆನಪಿದೆ. ಪಡಸಾಲೆಯಲ್ಲಿ ಕಾಕಾನ ಮಗ್ಗವಿತ್ತು. ಮಗ್ಗಕ್ಕೆ ಉದ್ದುದ್ದ ಕಟ್ಟುವ ಹಾಸಿನ ನೂಲು ಗಟ್ಟಿಯಾಗಲೆಂದು ಅದಕ್ಕೆ ಗಂಜಿ ಹಚ್ಚುತ್ತಿದ್ದರು. ನಮಗೆ ಅದು ನೂಲು, ಮೋತ್ಯಾನಿಗೆ ಊಟ. ಬಂದ ಮೂರನೆಯ ದಿನವೇ ಗೇಣುದ್ದ ಹಾಸು ತಿಂದು ತೇಗಿದ. ಕಾಕಾ ಸಿಟ್ಟು ಬಂದಷ್ಟೂ ಮೆತ್ತಗೆ ಮಾತಾಡುವ ಮನುಷ್ಯ. ಅಂದು ಅವನ ಮಾತು ಕೇಳಲು ನಾವು ಬಾಗಬೇಕಾಯಿತು.

“ಅಮಾಸಿ ತನಕ ನೋಡ್ತೀನಿ. ಸುಧಾರಿಸಲಿಲ್ಲಂದ್ರ ಯಾವಗಲ್ಲ ಊರಿಂದ ನಿಮ್ಮ ಮಾವ ಬಂದು ಒಯ್ತಾನ.”

ಮಾವನ ಹೊಲದ ನಾಯಿಗಳನ್ನು ನಾನು ಬಲ್ಲೆ. ಚೀಲದಲ್ಲಿ ಹಿಡಿಸುವ ಮರಿ ಅವುಗಳ ನಡುವೆ ಎರಡು ದಿನ ಬಾಳುವಂತಿರಲಿಲ್ಲ. ಅಮಾವಾಸ್ಯೆಗೆ ಹದಿನೈದು ದಿನವಿತ್ತು.

ಧಾರವಾಡದಲ್ಲಿ ನಮ್ಮ ಪ್ರಾಧ್ಯಾಪಕರೊಬ್ಬರ ನಾಯಿ ಪೆಟ್ಟಿಗೆಯಲ್ಲಿ ಮಲಗುವುದನ್ನು ನೋಡಿದ್ದೆ. ಅಂಗಡಿಯಿಂದ ಖಾಲಿ ಚಹಾ ಪೆಟ್ಟಿಗೆ, ಚಹಾಪುಡಿ ತುಂಬಿ ಬರುತ್ತಿದ್ದ ಮರದ್ದು, ತಂದು ಬಾಗಿಲು ಕೂರಿಸಿದೆ. ಒಳಗೆ ಮೆತ್ತಗಿರಲೆಂದು ಮಗ್ಗದ ಕೆಳಗೆ ಬಿದ್ದಿದ್ದ ತುಂಡು ನೂಲನ್ನು ಬುಟ್ಟಿಗಟ್ಟಲೆ ಹಾಸಿದೆ. ನೇಕಾರರ ಮನೆಯಲ್ಲಿ ಹಾಸಿಗೆಗೆ ಬರವೇ? ಮೋತ್ಯಾ ಕರೆಯದೆಯೇ ಒಳಗೆ ಹೋದ, ಹೊರಗೆ ಬರಲು ಒಪ್ಪಲಿಲ್ಲ. ‘ಪ್ರಯೋಗ ಯಶಸ್ವಿ’ ಎಂದು ದಿನಚರಿ ಹೇಳುತ್ತದೆ. ಮರುದಿನ ಅವನು ಇನ್ನೊಂದು ಗೇಣು ಹಾಸು ತಿಂದ.

ಕಾಕಾ ಅವನ ಕುತ್ತಿಗೆ ಹಿಡಿದು ಪೆಟ್ಟಿಗೆಯೊಳಗೆ ತುರುಕಲು ಹೋದ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಳು.

“ಸಿಟ್ಟು ಬಂದ್ರ ನೀನ ಹೋಗಿ ಅದರಾಗ ಕುಂದ್ರು. ಅದು ಅದರ ಮನಿ, ಜೇಲಲ್ಲ.”

“ನಾ ಹಿಡಸೂದಿಲ್ಲ ವೈನಿ,” ಎಂದ ಕಾಕಾ ಅತ್ತಿಗೆಗೆ, ಮೆತ್ತಗೆ.

ಅವ್ವ ಬಗ್ಗಿ ಪೆಟ್ಟಿಗೆಯಿಂದ ಒಂದು ಹಿಡಿ ನೂಲು ತೆಗೆದು ಮೂಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ತಮ್ಮಾ, ಗಂಜಿ ನೂಲಿನ ಮ್ಯಾಲ ಮಲಗಿಸಿ ಗಂಜಿ ನೂಲು ತಿನಬ್ಯಾಡ ಅಂದ್ರ ಅದಕ್ಕ ಹ್ಯಾಂಗ ತಿಳೀಬೇಕು? ನೀ ಬಿ.ಎ. ಓದಾಕತ್ತೀದಿ, ಅದು ಓದಿಲ್ಲಲ್ಲ.”

ನೂಲು ಹೋಯಿತು, ಕಂಬಳಿಯ ತುಂಡು ಬಂತು. ರೊಟ್ಟಿಯನ್ನು ಪೆಟ್ಟಿಗೆಯೊಳಗೇ ಹಾಕುತ್ತಿದ್ದೆವು. ಬಾಗಿಲು ಮೊದಲು ತೆರೆದೇ ಇತ್ತು. ಆಮೇಲೆ ನೂರು ಎಣಿಸುವಷ್ಟು ಹೊತ್ತು ಮುಚ್ಚಿದೆವು, ಆಮೇಲೆ ಕಾಕಾ ಒಂದು ಮೊಳ ನೇಯುವಷ್ಟು. ಅತ್ತಾಗ ತೆರೆಯುತ್ತಿರಲಿಲ್ಲ, ಸುಮ್ಮನಾದಾಗ ತೆರೆಯುತ್ತಿದ್ದೆವು. ಒಳಗಿದ್ದಾಗ ಯಾರೂ ಅವನನ್ನು ಮುಟ್ಟಬಾರದು ಎಂಬುದು ಕಾನೂನು. ಒಂಬತ್ತು ಜನರ ಆ ಮನೆಯಲ್ಲಿ ಸ್ವಂತ ಕೋಣೆ ಇದ್ದದ್ದು ಮೋತ್ಯಾನಿಗೆ ಮಾತ್ರ. ನನಗೆ ಹೊಟ್ಟೆಕಿಚ್ಚಾಗಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಮಾವ ಹಗ್ಗ ಹಿಡಿದುಕೊಂಡೇ ಬಸ್ಸಿನಿಂದ ಇಳಿದ. ಕಾಕಾ ಬೇಕೆಂದೇ ಗಂಜಿಯ ಗಡಿಗೆಯನ್ನು ಪಡಸಾಲೆಯ ನಡುವೆ ಇಟ್ಟು, ಹೊಸ ಹಾಸಿನ ಪಕ್ಕದಲ್ಲಿ ಕುಳಿತ. ಮೋತ್ಯಾ ಬಂದ. ಗಡಿಗೆ ಮೂಸಿದ. ಹಾಸು ಮೂಸಿದ. ಅವನು ಎಲ್ಲರನ್ನೂ ಒಮ್ಮೆ ನೋಡಿ, ಆಕಳಿಸಿ, ಪೆಟ್ಟಿಗೆಯೊಳಗೆ ಹೋಗಿ ಮಲಗಿದ.

“ಈ ಮನ್ಯಾಗ ಹೇಳಿದ್ದು ಕೇಳೂದು ಇದೊಂದ ಐತಿ,” ಎಂದ ಕಾಕಾ. “ಇರಲಿ.”

“ಮತ್ತ ನಾ ಬಂದದ್ದು?” ಎಂದ ಮಾವ.

“ಊಟಾ ಮಾಡಿ ಹೋಗ್ರಿ.”

ಮುಂದೆ ಮೋತ್ಯಾನ ಕಾಲು ಮುರಿದಾಗ ರೋಣದ ದನದ ದವಾಖಾನೆಗೆ ಅದೇ ಪೆಟ್ಟಿಗೆಯಲ್ಲಿ ಒಯ್ದೆವು. ಇದು ಸಾಮಾನೋ ಪ್ಯಾಸೆಂಜರೋ ಎಂದು ಕಂಡಕ್ಟರ್ ಕೇಳಿದ. ಪ್ಯಾಸೆಂಜರ್ ನಿದ್ದೆ ಮಾಡುತ್ತಿದ್ದ.

ಈಗ ದಿನಚರಿಯ ಆ ಪುಟ ನೋಡಿ: ‘ಇಂದು ನೂಲು ತೆಗೆದು ಕಂಬಳಿ ಹಾಕಿದೆ. ದೋಷ ಎಲ್ಲಿದೆ ಎಂದು ಹೊಳೆಯಿತು.’ ಯಾರಿಗೆ ಹೊಳೆಯಿತು? ಅವ್ವನ ಹೆಸರೇ ಇಲ್ಲ. ಬರೆದಿಟ್ಟದ್ದು ನಿಜ, ನೆನಪು ಸುಳ್ಳು ಎಂದು ನಂಬಿ ಬದುಕಿದವನು ನಾನು. ಆದರೆ ‘ಅದು ಓದಿಲ್ಲಲ್ಲ’ ಎಂಬ ಮಾತನ್ನು ಸೃಷ್ಟಿಸುವ ಬುದ್ಧಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹೊರಗೆ ಬಂದೆ. “ಪಾಪ ಅಲ್ಲ ಬಿಡವಾ. ಬಾಗಿಲಾ ತಗದಿಡು, ಊಟಾ ಒಳಗ ಹಾಕು, ಸಿಟ್ಟಿಲೆ ಮಾತ್ರ ಒಳಗ ದಬ್ಬಬ್ಯಾಡ. ಕೆಳಗ ಏನ ಹಾಸೀದಿ?”

“ನನ್ನ ಹಳೇ ಸೀರಿ, ಅಜ್ಜಾರ.”

“ಹಂಗಾರ ಹೊಸಾ ಸೀರಿ ಜ್ವಾಕಿ. ಇದು ನನ್ನ ಮಾತಲ್ಲ, ನಮ್ಮವ್ವಂದು.”

ಒಳಗೆ ಬಂದು ಮಾಸಿದ ಸಾಲಿನ ಮೇಲೆ ಹೊಸ ಮಸಿಯಲ್ಲಿ ಬರೆದೆ: ‘ನೂಲು ತೆಗೆದವಳು ಅವ್ವ.’ ನಾಯಿಯ ಬಣ್ಣದ ವಿಷಯ ಹಾಗೇ ಬಿಟ್ಟೆ.